ಉದ್ಯಮಗಳಲ್ಲಿ ಮಾಹಿತಿ ಸುರಕ್ಷತೆ: ಆಂತರಿಕ ನಿಯಂತ್ರಣ ಮತ್ತು ಮಾಲೀಕರ ಹೊಣೆ

ವ್ಯಾಪಾರ ಸಂಸ್ಥೆಯೊಂದರ ಆಸ್ತಿ ಎಂದೊಡನೆ ಕಟ್ಟಡ, ಯಂತ್ರೋಪಕರಣ, ದಾಸ್ತಾನು, ಬ್ಯಾಂಕಿನಲ್ಲಿರುವ ಹಣ ಇವು ನೆನಪಿಗೆ ಬರುತ್ತವೆ. ಇವೆಲ್ಲವೂ ಅಢಾವೆ ಪತ್ರಿಕೆಯಲ್ಲಿ ಕಾಣಿಸಿಕೊಳ್ಳುತ್ತವೆ. ಆದರೆ ಯಾವ ಗ್ರಾಹಕರಿಂದ ಎಷ್ಟು ಬಾಕಿ ಬರಬೇಕಾಗಿದೆ, ಯಾವ ಕಚ್ಚಾ ಸಾಮಗ್ರಿ ಯಾವ ದರಕ್ಕೆ ದೊರೆಯಿತು, ಯಾವ ಬಿಡಿಭಾಗವನ್ನು ಯಾವ ಅಳತೆಗೆ ತಯಾರಿಸಬೇಕು ಎಂಬ ಮಾಹಿತಿಗೆ ಅದರಲ್ಲಿ ಸ್ಥಾನವಿಲ್ಲ. ಆ ಮಾಹಿತಿ ಒಂದು ದಿನ ಇಲ್ಲವಾದರೆ ಕಾಣಿಸಿಕೊಂಡ ಆಸ್ತಿಗಳಿಂದಲೂ ಪ್ರಯೋಜನವಿಲ್ಲದಂತಾಗುತ್ತದೆ. ಬಾಕಿ ಎಷ್ಟೆಂದು ತಿಳಿಯದೆ ವಸೂಲಿ ಮಾಡಲಾಗದು; ನಕ್ಷೆಯಿಲ್ಲದೆ ಯಂತ್ರ ನಡೆಸಲಾಗದು.

ಹಿಂದೆ ಈ ಮಾಹಿತಿಯೆಲ್ಲ ದಪ್ಪ ರಟ್ಟಿನ ಪುಸ್ತಕಗಳಲ್ಲಿ ಇರುತ್ತಿತ್ತು. ಪುಸ್ತಕ ತಿಜೋರಿಯಲ್ಲಿ, ತಿಜೋರಿಯ ಬೀಗದ ಕೈ ಮಾಲೀಕರ ಬಳಿ. ಬರೆಯುವವರು ಒಬ್ಬರು, ಪರಿಶೀಲಿಸುವವರು ಇನ್ನೊಬ್ಬರು, ಚೆಕ್ಕಿಗೆ ಸಹಿ ಹಾಕುವವರು ಮತ್ತೊಬ್ಬರು. ಲೆಕ್ಕಶಾಸ್ತ್ರದಲ್ಲಿ ಇದಕ್ಕೆ ಆಂತರಿಕ ನಿಯಂತ್ರಣ ಎಂದು ಹೆಸರು. ಪುಸ್ತಕಗಳು ಗಣಕಯಂತ್ರಕ್ಕೆ ವರ್ಗವಾದಾಗ ಬಹುತೇಕ ಸಣ್ಣ ಸಂಸ್ಥೆಗಳಲ್ಲಿ ಲೆಕ್ಕ ಮಾತ್ರ ವರ್ಗವಾಯಿತು, ನಿಯಂತ್ರಣ ವರ್ಗವಾಗಲಿಲ್ಲ. ಮಾಹಿತಿ ಸುರಕ್ಷತೆಯು ಗಣಕ ತಜ್ಞರಿಗೆ ಸೇರಿದ ವಿಷಯ, ದುಬಾರಿ ತಂತ್ರಾಂಶ ಕೊಂಡರೆ ಮುಗಿಯಿತು ಎಂಬ ಭಾವನೆ ವ್ಯಾಪಕವಾಗಿದೆ. ವಾಸ್ತವವಾಗಿ ಅದು ಹಳೆಯ ಆಂತರಿಕ ನಿಯಂತ್ರಣದ ಮುಂದುವರಿಕೆಯೇ ಆಗಿದೆ. ಯಾರು ಮಾಡಬಹುದು, ಯಾರು ಪರಿಶೀಲಿಸಬೇಕು, ಎರಡನೆಯ ಪ್ರತಿ ಎಲ್ಲಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ನೀಡಬೇಕಾದವರು ಮಾಲೀಕರೇ.

ಎರಡು ಸಂಸ್ಥೆಗಳ ಅನುಭವ

ನಾರ್ವೆ ದೇಶದ ನಾರ್ಸ್ಕ್ ಹೈಡ್ರೊ ಜಗತ್ತಿನ ದೊಡ್ಡ ಅಲ್ಯೂಮಿನಿಯಂ ಉತ್ಪಾದಕರಲ್ಲೊಂದು. 40 ದೇಶಗಳಲ್ಲಿ ಸುಮಾರು 35,000 ನೌಕರರನ್ನು ಹೊಂದಿದ್ದ ಈ ಸಂಸ್ಥೆಯ ಗಣಕಜಾಲದ ಮೇಲೆ 2019ರ ಮಾರ್ಚ್ 19ರಂದು ಲಾಕರ್‌ಗೋಗಾ ಎಂಬ ಕುತಂತ್ರಾಂಶದ ದಾಳಿಯಾಯಿತು. ಕಡತಗಳೆಲ್ಲ ಓದಲಾಗದ ಗೂಢಲಿಪಿಗೆ ಬದಲಾದವು. ಬಿಡಿಸಿಕೊಡಲು ಹಣದ ಬೇಡಿಕೆ ಬಂದಿತು. ಇದಕ್ಕೆ ದಾರಿಯಾದದ್ದು ಕೆಲವು ತಿಂಗಳ ಹಿಂದೆ ನೌಕರರೊಬ್ಬರು ತೆರೆದಿದ್ದ ಇ-ಮೇಲ್ ಲಗತ್ತು. ಆ ಇ-ಮೇಲ್ ಅಪರಿಚಿತರದ್ದಾಗಿರಲಿಲ್ಲ. ನಂಬಿಕೆಯ ಗ್ರಾಹಕ ಸಂಸ್ಥೆಯೊಂದರ ವಿಳಾಸದಿಂದಲೇ ಬಂದಿತ್ತು.

ಸಂಸ್ಥೆಯು ಹಣ ಕೊಡಲಿಲ್ಲ. ಜಾಲಕ್ಕೆ ಯಾವ ಉಪಕರಣವನ್ನೂ ಜೋಡಿಸಬಾರದೆಂಬ ಸೂಚನೆಯನ್ನು ಕಾಗದದಲ್ಲಿ ಮುದ್ರಿಸಿ ಕಚೇರಿಗಳ ಬಾಗಿಲಿಗೆ ಅಂಟಿಸಿತು. ಅದೇ ದಿನ ಪತ್ರಕರ್ತರನ್ನು ಕರೆದು ನಡೆದದ್ದನ್ನು ಮುಚ್ಚಿಡದೆ ತಿಳಿಸಿತು. ಅನೇಕ ಘಟಕಗಳಲ್ಲಿ ಕೆಲಸವನ್ನು ಕೈಯಾರೆ ನಡೆಸಲಾಯಿತು. ಹಳೆಯ ಕಾಗದದ ಪದ್ಧತಿ ಬಲ್ಲ ನಿವೃತ್ತ ನೌಕರರು ಮರಳಿ ಬಂದು ನೆರವಾದರು. ಪ್ರತ್ಯೇಕವಾಗಿಟ್ಟಿದ್ದ ಬ್ಯಾಕಪ್ ಪ್ರತಿಗಳಿಂದ ದತ್ತಾಂಶವನ್ನು ಹಂತ ಹಂತವಾಗಿ ಮರುಸ್ಥಾಪಿಸಲಾಯಿತು. ಆ ವರ್ಷದ ಮೊದಲ ಆರು ತಿಂಗಳಿಗೆ ಸಂಸ್ಥೆ ಅಂದಾಜು ಮಾಡಿದ ನಷ್ಟ 55ರಿಂದ 65 ಕೋಟಿ ನಾರ್ವೆ ಕ್ರೋನರ್. ಆಗಿನ ವಿನಿಮಯ ದರದಲ್ಲಿ 400 ಕೋಟಿ ರೂಪಾಯಿಗೂ ಮೀರಿದ ಮೊತ್ತ. ನಷ್ಟ ದೊಡ್ಡದು, ಆದರೆ ಸಂಸ್ಥೆ ಉಳಿಯಿತು.

ಇಂಗ್ಲೆಂಡಿನ ಕೆಎನ್‌ಪಿ ಸಮೂಹದ ಕಥೆ ಬೇರೆ. 1865ರಲ್ಲಿ ಆರಂಭವಾದ ನೈಟ್ಸ್ ಆಫ್ ಓಲ್ಡ್ ಎಂಬ ಸರಕು ಸಾಗಣೆ ಸಂಸ್ಥೆ ಈ ಸಮೂಹದ್ದು. ಸುಮಾರು 500 ಲಾರಿಗಳಿದ್ದ ಈ ಉದ್ಯಮದ ಮೇಲೆ 2023ರ ಜೂನ್‌ನಲ್ಲಿ ಇದೇ ಬಗೆಯ ದಾಳಿಯಾಯಿತು. ನೌಕರರೊಬ್ಬರ ದುರ್ಬಲ ಪಾಸ್‌ವರ್ಡನ್ನು ಊಹಿಸಿ ದಾಳಿಕೋರರು ಒಳಹೊಕ್ಕರೆಂದು ನಂಬಲಾಗಿದೆ. ಲಾರಿಗಳು ಇದ್ದವು, ಚಾಲಕರು ಇದ್ದರು, ಗಿರಾಕಿಗಳೂ ಇದ್ದರು. ಆದರೆ ಹಣಕಾಸಿನ ಮಾಹಿತಿ ಕೈತಪ್ಪಿದ್ದರಿಂದ ಹೊಸ ಬಂಡವಾಳ ಮತ್ತು ಸಾಲ ಪಡೆಯುವ ಸಾಮರ್ಥ್ಯಕ್ಕೆ ಪೆಟ್ಟು ಬಿದ್ದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಂಸ್ಥೆ ಆಡಳಿತಾಧಿಕಾರಿಗಳ ವಶಕ್ಕೆ ಹೋಯಿತು. ಸುಮಾರು 700 ಮಂದಿ ಉದ್ಯೋಗ ಕಳೆದುಕೊಂಡರು.

ದಾಳಿಯನ್ನು ಸಂಪೂರ್ಣ ತಡೆಯಲು ಎರಡೂ ಸಂಸ್ಥೆಗಳಿಂದ ಆಗಲಿಲ್ಲ. ಮರುಸ್ಥಾಪನೆಗೆ ಬೇಕಾದ ಪ್ರತಿ ಮತ್ತು ಗಣಕಯಂತ್ರವಿಲ್ಲದೆಯೂ ಕೆಲಸ ನಡೆಸಬಲ್ಲ ಜನ ಇದ್ದುದು ಮೊದಲನೆಯ ಸಂಸ್ಥೆಯನ್ನು ಕಾಪಾಡಿತು. ಬ್ಯಾಂಕಿನ ಸಾಲದ ಮೇಲೆ ನಡೆಯುವ ನಮ್ಮ ಸಣ್ಣ ಕೈಗಾರಿಕೆಗಳು ಎರಡನೆಯದರಿಂದ ಕಲಿಯಬೇಕಾದದ್ದು ಹೆಚ್ಚು. ನಗದು ಸಾಲದ ಮಿತಿ ಉಳಿಸಿಕೊಳ್ಳಲು ಪ್ರತಿ ತಿಂಗಳು ದಾಸ್ತಾನು ಮತ್ತು ಬಾಕಿದಾರರ ವಿವರಪಟ್ಟಿ ಸಲ್ಲಿಸಬೇಕಾದ ಉದ್ಯಮಿಯು ಲೆಕ್ಕ ತೋರಿಸಲಾಗದ ಸ್ಥಿತಿಗೆ ಬಂದರೆ ಎಷ್ಟು ದಿನ ನಿಭಾಯಿಸಬಲ್ಲರೆಂಬುದನ್ನು ಅವರೇ ಯೋಚಿಸಬೇಕು.

ಮೊದಲ ಪ್ರಶ್ನೆ: ಯಾರು ಮಾಡಬಹುದು?

ಅನೇಕ ಕಚೇರಿಗಳಲ್ಲಿ ಲೆಕ್ಕದ ತಂತ್ರಾಂಶಕ್ಕೆ ಒಂದೇ ಬಳಕೆದಾರ ಹೆಸರು, ಒಂದೇ ಪಾಸ್‌ವರ್ಡ್ ಇರುತ್ತದೆ. ಗುಮಾಸ್ತರು, ಬಿಲ್ಲು ಹಾಕುವವರು, ಗೋದಾಮಿನವರು ಎಲ್ಲರೂ ಅದನ್ನೇ ಬಳಸುತ್ತಾರೆ. ಹೀಗಾದಾಗ ಹಳೆಯ ತಾರೀಖಿನ ಒಂದು ನಮೂದು ಬದಲಾದರೆ ಯಾರು ಬದಲಾಯಿಸಿದರೆಂದು ಹೇಳಲು ಸಾಧ್ಯವಿಲ್ಲ. ತಪ್ಪಿತಸ್ಥರು ಪಾರಾಗುತ್ತಾರೆ, ಅದಕ್ಕಿಂತ ಕೆಟ್ಟದ್ದೆಂದರೆ, ಪ್ರಾಮಾಣಿಕ ನೌಕರರ ಮೇಲೂ ಅನುಮಾನ ಬೀಳುತ್ತದೆ. ಪ್ರತಿಯೊಬ್ಬರಿಗೂ ಪ್ರತ್ಯೇಕ ಹೆಸರು, ಅವರವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ನೀಡುವುದು ನೌಕರರ ಹಿತದೃಷ್ಟಿಯಿಂದಲೂ ಒಳ್ಳೆಯದು. ಈ ಸೌಲಭ್ಯ ಪ್ರಚಲಿತ ಲೆಕ್ಕದ ತಂತ್ರಾಂಶಗಳಲ್ಲಿ ಈಗಾಗಲೇ ಇದ್ದು, ಅದನ್ನು ಬಳಸಲು ಸಾಮಾನ್ಯವಾಗಿ ಹೆಚ್ಚಿನ ವೆಚ್ಚವಿಲ್ಲ.

ಇ-ವೇ ಬಿಲ್ ಜಾಲತಾಣದಲ್ಲಿಯೂ ಉಪಬಳಕೆದಾರರನ್ನು ಸೃಷ್ಟಿಸಲು ಅವಕಾಶವಿದೆ. ಇ-ಇನ್‌ವಾಯ್ಸ್ ಮತ್ತು ಇ-ವೇ ಬಿಲ್ ವ್ಯವಸ್ಥೆಗಳಿಗೆ ಪ್ರವೇಶಿಸಲು ಪಾಸ್‌ವರ್ಡ್ ಜೊತೆಗೆ ಒಟಿಪಿ ನೀಡುವ ಎರಡು ಹಂತದ ದೃಢೀಕರಣವನ್ನು 20 ಕೋಟಿ ರೂಪಾಯಿಗಿಂತ ಹೆಚ್ಚಿನ ವಹಿವಾಟಿನವರಿಗೆ 2025ರ ಜನವರಿ 1ರಿಂದ, 5 ಕೋಟಿ ಮೀರಿದವರಿಗೆ ಫೆಬ್ರವರಿ 1ರಿಂದ, ಉಳಿದೆಲ್ಲರಿಗೂ ಏಪ್ರಿಲ್ 1ರಿಂದ ಕಡ್ಡಾಯಗೊಳಿಸಲಾಯಿತು. ಮಾಲೀಕರು ಒಟಿಪಿ ಬರುವ ತಮ್ಮ ಮೊಬೈಲನ್ನೇ ಗುಮಾಸ್ತರ ಮೇಜಿನ ಮೇಲೆ ಬಿಟ್ಟುಹೋದರೆ ಈ ಎರಡನೆಯ ಬೀಗಕ್ಕೆ ಅರ್ಥವಿಲ್ಲ. ಉಪಬಳಕೆದಾರರನ್ನು ಮಾಡಿ, ಅವರವರ ಮೊಬೈಲಿಗೇ ಒಟಿಪಿ ಬರುವಂತೆ ಮಾಡುವುದು ಸರಿಯಾದ ಕ್ರಮ.

ಡಿಜಿಟಲ್ ಸಹಿಯ ವಿಷಯದಲ್ಲಿ ಅಸಡ್ಡೆ ಇನ್ನೂ ಹೆಚ್ಚು. ಸಹಿಯ ಯುಎಸ್‌ಬಿ ಟೋಕನ್ ಮತ್ತು ಅದರ ಪಿನ್ ಎರಡೂ ತೆರಿಗೆ ಸಲಹೆಗಾರರ ಅಥವಾ ಲೆಕ್ಕಪರಿಶೋಧಕರ ಕಚೇರಿಯ ಡ್ರಾಯರಿನಲ್ಲಿ ವರ್ಷಗಟ್ಟಲೆ ಇರುವುದುಂಟು. ಇದು ಖಾಲಿ ಚೆಕ್ಕುಗಳಿಗೆ ಸಹಿ ಹಾಕಿ ಕೊಟ್ಟಂತೆ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 42ನೇ ಪ್ರಕರಣದಂತೆ ಸಹಿಯ ಖಾಸಗಿ ಕೀಲಿಯನ್ನು ತನ್ನ ಹತೋಟಿಯಲ್ಲಿಟ್ಟುಕೊಳ್ಳಲು ಸೂಕ್ತ ಎಚ್ಚರ ವಹಿಸುವುದು ಸಹಿದಾರರ ಕರ್ತವ್ಯ. ಕೀಲಿ ಕೈತಪ್ಪಿದರೆ ಪ್ರಮಾಣಪತ್ರ ನೀಡಿದ ಪ್ರಾಧಿಕಾರಕ್ಕೆ ವಿಳಂಬವಿಲ್ಲದೆ ತಿಳಿಸಬೇಕು. ತಿಳಿಸುವವರೆಗಿನ ಹೊಣೆ ಸಹಿದಾರರದೇ. ವಿವರಪಟ್ಟಿ ಸಲ್ಲಿಸುವ ದಿನ ಟೋಕನ್ ಹೋಗಲಿ, ಕೆಲಸ ಮುಗಿದ ದಿನವೇ ಮರಳಿ ಬರಲಿ. ಸಲಹೆಗಾರರೂ ಇದನ್ನು ಅಪನಂಬಿಕೆಯೆಂದು ತಿಳಿಯಬಾರದು. ಅವರಿಗೂ ಇದರಿಂದ ರಕ್ಷಣೆ ದೊರೆಯುತ್ತದೆ.

ನೌಕರರು ಕೆಲಸ ಬಿಟ್ಟ ದಿನ ಅಂಗಡಿಯ ಬೀಗದ ಕೈ ಮರಳಿ ಪಡೆಯುವುದನ್ನು ಯಾರೂ ಮರೆಯುವುದಿಲ್ಲ. ಇ-ಮೇಲ್, ಲೆಕ್ಕದ ತಂತ್ರಾಂಶ, ಬ್ಯಾಂಕಿನ ಜಾಲತಾಣ ಇವುಗಳ ಪ್ರವೇಶವನ್ನೂ ಅದೇ ದಿನ ರದ್ದುಪಡಿಸಬೇಕು.

ಎರಡನೆಯ ಪ್ರಶ್ನೆ: ಯಾರು ಪರಿಶೀಲಿಸಬೇಕು?

ವರ್ತಕರನ್ನು ಹೆಚ್ಚಾಗಿ ಕಾಡುವ ವಂಚನೆಯಲ್ಲಿ ಕುತಂತ್ರಾಂಶದ ಅಗತ್ಯವೇ ಇರದು. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಯಂತ್ರದ ಬಿಡಿಭಾಗಗಳನ್ನು ಪರದೇಶದಿಂದ ತರಿಸುವ ತಯಾರಕರಿಗೆ ಮಾಮೂಲಿ ಸರಬರಾಜುದಾರರ ಹೆಸರಿನಲ್ಲಿ ಇ-ಮೇಲ್ ಬರುತ್ತದೆ. ಹಿಂದಿನ ಪತ್ರವ್ಯವಹಾರದ ಉಲ್ಲೇಖ, ಇನ್‌ವಾಯ್ಸ್ ಸಂಖ್ಯೆ, ಮೊತ್ತ ಎಲ್ಲವೂ ಸರಿಯಾಗಿವೆ. ಹಳೆಯ ಖಾತೆಯಲ್ಲಿ ತೆರಿಗೆ ತಪಾಸಣೆ ನಡೆಯುತ್ತಿರುವುದರಿಂದ ಈ ಬಾರಿಯ ಹಣವನ್ನು ಹೊಸ ಖಾತೆಗೆ ಕಳುಹಿಸಬೇಕೆಂಬ ಒಂದು ಸಾಲು ಮಾತ್ರ ಹೊಸದು. ವಿಳಾಸದಲ್ಲಿ ಒಂದಕ್ಷರದ ವ್ಯತ್ಯಾಸವಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಹಣ ಹೋದ ಎರಡು ವಾರಗಳ ನಂತರ ನಿಜವಾದ ಸರಬರಾಜುದಾರರು ಬಾಕಿ ಕೇಳಿದಾಗಲೇ ಮೋಸ ತಿಳಿಯುವುದು. ಅಮೆರಿಕದ ಎಫ್‌ಬಿಐ ಸಂಸ್ಥೆಗೆ 2023ರಲ್ಲಿ ವರದಿಯಾದ ಇಂಥ ಇ-ಮೇಲ್ ವಂಚನೆಗಳ ನಷ್ಟವೇ 290 ಕೋಟಿ ಡಾಲರು.

ಇದಕ್ಕೆ ಮದ್ದು ಒಂದು ದೂರವಾಣಿ ಕರೆ. ಯಾವುದೇ ಸರಬರಾಜುದಾರರ ಬ್ಯಾಂಕ್ ಖಾತೆ ಬದಲಾದರೆ, ತಮ್ಮ ಪುಸ್ತಕದಲ್ಲಿ ಮೊದಲೇ ಇರುವ ಸಂಖ್ಯೆಗೆ ಕರೆ ಮಾಡಿ, ಪರಿಚಿತ ವ್ಯಕ್ತಿಯಿಂದ ಖಚಿತಪಡಿಸಿಕೊಳ್ಳದೆ ಹಣ ಕಳುಹಿಸಬಾರದು. ಇ-ಮೇಲಿನಲ್ಲಿಯೇ ಕೊಟ್ಟಿರುವ ಸಂಖ್ಯೆಗೆ ಕರೆ ಮಾಡಿದರೆ ಉತ್ತರಿಸುವವರು ವಂಚಕರೇ ಆಗಿರುತ್ತಾರೆ. ಮಾಲೀಕರ ಹೆಸರಿನಲ್ಲಿ ವಾಟ್ಸಾಪ್ ಸಂದೇಶ ಬಂದರೂ ಇದೇ ನಿಯಮ ಅನ್ವಯಿಸಬೇಕು. ತುರ್ತು ಹೆಚ್ಚಿದಷ್ಟೂ ಪರಿಶೀಲನೆ ಹೆಚ್ಚಬೇಕು. "ಯಜಮಾನರೇ ಹೇಳಿದ್ದಾರೆ" ಎಂದು ಹೆದರಿ ಹಣ ಕಳುಹಿಸುವ ಗುಮಾಸ್ತರಿಗಿಂತ, ಯಜಮಾನರಿಗೇ ಫೋನ್ ಮಾಡಿ ಕೇಳುವ ಧೈರ್ಯವಿರುವ ಗುಮಾಸ್ತರು ಸಂಸ್ಥೆಗೆ ಹೆಚ್ಚು ಉಪಕಾರಿ. ಆ ಧೈರ್ಯವನ್ನು ಕೊಡಬೇಕಾದವರು ಮಾಲೀಕರು.

ಬ್ಯಾಂಕುಗಳು ವ್ಯಾಪಾರಿ ಖಾತೆಗಳಿಗೆ ಒಬ್ಬರು ಪಾವತಿ ನಮೂದಿಸುವ, ಮತ್ತೊಬ್ಬರು ಅನುಮೋದಿಸುವ ಮೇಕರ್-ಚೆಕರ್ ವ್ಯವಸ್ಥೆ ಒದಗಿಸುತ್ತವೆ. ಚೆಕ್ಕಿನ ಜಂಟಿ ಸಹಿಗೆ ಇದು ಸಮಾನ. ಎರಡು ಪಾಸ್‌ವರ್ಡ್‌ಗಳೂ ಒಬ್ಬರ ಬಳಿಯೇ ಇದ್ದರೆ ಅದು ನಿಯಂತ್ರಣವಲ್ಲ, ನಿಯಂತ್ರಣದ ಛಾಯೆ.

ಮೂರನೆಯ ಪ್ರಶ್ನೆ: ಎರಡನೆಯ ಪ್ರತಿ ಎಲ್ಲಿದೆ?

2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ ಜಗತ್ತಿನ ದೊಡ್ಡ ಹಡಗು ಸಂಸ್ಥೆಗಳಲ್ಲೊಂದಾದ ಮೇರ್ಸ್ಕ್‌ನ ಗಣಕಜಾಲವನ್ನು ಕೆಲವೇ ಗಂಟೆಗಳಲ್ಲಿ ನೆಲಕ್ಕುರುಳಿಸಿತು. ಮುಂಬಯಿ ಸಮೀಪದ ಜವಾಹರಲಾಲ್ ನೆಹರು ಬಂದರಿನ ಒಂದು ಟರ್ಮಿನಲ್ ಕೂಡ ಸ್ಥಗಿತಗೊಂಡಿತು. ಇಡೀ ಜಾಲದ ಬಳಕೆದಾರರ ಪಟ್ಟಿಯನ್ನು ನಿರ್ವಹಿಸುವ ಯಂತ್ರಗಳು ಒಂದಕ್ಕೊಂದು ಪ್ರತಿಯಾಗಿ ಹಲವು ಕಡೆ ಇದ್ದವು. ಆದರೆ ಎಲ್ಲವೂ ಜಾಲಕ್ಕೆ ಸೇರಿಕೊಂಡಿದ್ದರಿಂದ ಎಲ್ಲವೂ ಒಟ್ಟಿಗೆ ಅಳಿಸಿಹೋದವು. ಉಳಿದದ್ದು ಒಂದೇ, ಆಫ್ರಿಕದ ಘಾನಾ ದೇಶದ ಕಚೇರಿಯ ಯಂತ್ರ. ದಾಳಿಯ ವೇಳೆಗೆ ವಿದ್ಯುತ್ ಹೋಗಿದ್ದರಿಂದ ಅದು ಜಾಲದ ಸಂಪರ್ಕದಲ್ಲಿ ಇರಲಿಲ್ಲ. ಆ ಒಂದು ಪ್ರತಿಯ ಆಧಾರದ ಮೇಲೆ ಜಾಲವನ್ನು ಮತ್ತೆ ಕಟ್ಟಲಾಯಿತು.

ಸಣ್ಣ ಉದ್ಯಮಕ್ಕೆ ಇದರ ಪಾಠ ಸ್ಪಷ್ಟ. ಗಣಕಯಂತ್ರಕ್ಕೆ ಸದಾ ಜೋಡಿಸಿಯೇ ಇರುವ ಹಾರ್ಡ್ ಡಿಸ್ಕಿನಲ್ಲಿರುವ ಪ್ರತಿ ಸುರಕ್ಷಿತವಲ್ಲ. ಯಂತ್ರಕ್ಕೆ ಬಂದ ವಿಪತ್ತು ಅದಕ್ಕೂ ಬರುತ್ತದೆ. ಕ್ಲೌಡ್‌ನಲ್ಲಿ ತಾನಾಗಿ ಹೊಂದಿಕೆಯಾಗುವ ಫೋಲ್ಡರನ್ನು ಮಾತ್ರ ನಂಬುವುದೂ ಸಾಲದು; ಇಲ್ಲಿ ಕೆಟ್ಟ ಕಡತ ಅಲ್ಲಿಯೂ ಕೆಟ್ಟೇ ಹೋಗಿ ಕೂರುತ್ತದೆ. ಸರ್ವಮಾನ್ಯ ನಿಯಮವೆಂದರೆ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ. ಎರಡು ಹಾರ್ಡ್ ಡಿಸ್ಕುಗಳನ್ನು ಸರದಿಯಂತೆ ಬಳಸಿ, ಒಂದನ್ನು ಪ್ರತಿ ವಾರ ಮಾಲೀಕರ ಮನೆಗೆ ಒಯ್ದು, ಜೊತೆಗೆ ಹಿಂದಿನ ದಿನಗಳ ಪ್ರತಿಗಳನ್ನೂ ಉಳಿಸಿಕೊಳ್ಳುವ ಕ್ಲೌಡ್ ಸೇವೆ ಬಳಸಿದರೆ ಈ ನಿಯಮ ಪಾಲಿಸಿದಂತಾಗುತ್ತದೆ. ಇದಕ್ಕೆ ತಗಲುವ ವೆಚ್ಚ ಕೆಲವೇ ಸಾವಿರ ರೂಪಾಯಿ.

ಪ್ರತಿ ಇದ್ದರೆ ಸಾಲದು, ಅದು ತೆರೆಯಬೇಕು. ಮೂರು ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೊಂದು ಗಣಕಯಂತ್ರದಲ್ಲಿ ಮರುಸ್ಥಾಪಿಸಿ, ತಾಳೆ ಪಟ್ಟಿಯ ಮೊತ್ತ ಮೂಲದೊಂದಿಗೆ ಸರಿಹೊಂದುತ್ತದೆಯೇ ಎಂದು ನೋಡಬೇಕು. ಪರೀಕ್ಷಿಸದ ಪ್ರತಿಯ ಮೇಲೆ ಭರವಸೆ ಇಡುವುದು ನೀರಿದೆಯೋ ಇಲ್ಲವೋ ನೋಡದೆ ಬಾವಿಯನ್ನು ನಂಬಿದಂತೆ.

ಕಾರ್ಖಾನೆಯ ಯಂತ್ರಗಳು

ತಯಾರಿಕಾ ಘಟಕಗಳಲ್ಲಿ ಇನ್ನೊಂದು ಸಮಸ್ಯೆಯಿದೆ. ಸಿಎನ್‌ಸಿ ಯಂತ್ರಗಳ ಆಯಸ್ಸು 15–20 ವರ್ಷ. ಅವುಗಳೊಂದಿಗೆ ಬಂದ ಗಣಕಯಂತ್ರದ ತಂತ್ರಾಂಶದ ಆಯಸ್ಸು ಅಷ್ಟಿಲ್ಲ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಬೆಂಬಲ ನಿಂತ ಮೇಲೆ ಹೊಸದಾಗಿ ಪತ್ತೆಯಾದ ದೋಷಗಳಿಗೆ ತೇಪೆ ಬರುವುದಿಲ್ಲ. ತೇಪೆ ಬಂದರೂ ಹಾಕದಿದ್ದರೆ ಏನಾಗುವುದೆಂಬುದಕ್ಕೆ 2017ರ ಮೇ ತಿಂಗಳ ವಾನಾಕ್ರೈ ದಾಳಿ ಸಾಕ್ಷಿ. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲಿಯೇ ತೇಪೆ ಬಿಡುಗಡೆ ಮಾಡಿತ್ತು. ಆದರೂ ಎರಡು ತಿಂಗಳ ಬಳಿಕ ಸುಮಾರು 150 ದೇಶಗಳ ಗಣಕಯಂತ್ರಗಳು ಅದಕ್ಕೆ ತುತ್ತಾದವು.

ಹಳೆಯ ಯಂತ್ರವನ್ನು ಎಸೆಯಬೇಕೆಂದು ಇದರ ಅರ್ಥವಲ್ಲ. ಅದರ ಗಣಕಯಂತ್ರವನ್ನು ಅಂತರಜಾಲದಿಂದ ಮತ್ತು ಕಚೇರಿಯ ಜಾಲದಿಂದ ಬೇರ್ಪಡಿಸಬೇಕು. ಕಾರ್ಯಕ್ರಮಗಳನ್ನು ವರ್ಗಾಯಿಸಲು ಒಂದೇ ಪೆನ್ ಡ್ರೈವನ್ನು ಮೀಸಲಿಡಬೇಕು. ಯಂತ್ರದ ಕಾರ್ಯಕ್ರಮಗಳ ಮತ್ತು ನಕ್ಷೆಗಳ ಪ್ರತಿಯನ್ನೂ, ಮುಖ್ಯ ಕೆಲಸಗಳ ಜಾಬ್ ಕಾರ್ಡುಗಳನ್ನು ಮುದ್ರಿಸಿ ಕಾಗದದಲ್ಲಿಯೂ ಇಟ್ಟುಕೊಳ್ಳಬೇಕು. ನಾರ್ವೆಯ ಕಾರ್ಖಾನೆಗಳು ನಡೆದದ್ದು ಇಂಥ ಕಾಗದದ ಬಲದಿಂದಲೇ. ಮನೆಯಿಂದ ಅಥವಾ ಬೇರೆ ಊರಿನಿಂದ ಕಚೇರಿಯ ಗಣಕಯಂತ್ರ ನಡೆಸಲು ತೆರೆದಿಟ್ಟ ರಿಮೋಟ್ ಸಂಪರ್ಕ ದಾಳಿಕೋರರಿಗೆ ಅತ್ಯಂತ ಇಷ್ಟವಾದ ಬಾಗಿಲು. ಅಗತ್ಯವಿಲ್ಲದಿದ್ದರೆ ಮುಚ್ಚಬೇಕು, ಅಗತ್ಯವಿದ್ದರೆ ಎರಡು ಹಂತದ ದೃಢೀಕರಣವಿಲ್ಲದೆ ತೆರೆಯಬಾರದು.

ಕಾನೂನಿನ ಹೊಣೆಗಳು

ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶವು ಪ್ರತಿ ವ್ಯವಹಾರದ ಬದಲಾವಣೆಯನ್ನು ದಿನಾಂಕ ಸಮೇತ ದಾಖಲಿಸಬೇಕು, ಆ ದಾಖಲೆಯನ್ನು ನಿಷ್ಕ್ರಿಯಗೊಳಿಸಲು ಸಾಧ್ಯವಾಗಬಾರದು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಇದನ್ನು ಉಲ್ಲೇಖಿಸಬೇಕಾಗುತ್ತದೆ. ವಿದ್ಯುನ್ಮಾನ ರೂಪದ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಪ್ರತಿದಿನವೂ ಭಾರತದಲ್ಲಿರುವ ಸರ್ವರಿನಲ್ಲಿ ಇಡಬೇಕೆಂದು 2022ರಲ್ಲಿ ನಿಯಮ ತಿದ್ದುಪಡಿಯಾಯಿತು. ಪಾಲುದಾರಿಕೆ ಮತ್ತು ಏಕವ್ಯಕ್ತಿ ಮಾಲೀಕತ್ವದ ಸಂಸ್ಥೆಗಳಿಗೆ ಈ ಕಂಪನಿ ನಿಯಮಗಳು ಅನ್ವಯಿಸುವುದಿಲ್ಲವಾದರೂ, ಜಿಎಸ್‌ಟಿ ಕಾನೂನಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿಯ ಗಡುವಿನಿಂದ 72 ತಿಂಗಳು ಕಾಪಾಡುವ ಹೊಣೆ ಅವರಿಗೂ ಇದೆ.

ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕೆಂದು ಅದರ 2022ರ ಏಪ್ರಿಲ್ 28ರ ನಿರ್ದೇಶನ ಹೇಳುತ್ತದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳು ಆ ಪ್ರಕಟಣೆಯಿಂದ 18 ತಿಂಗಳ ನಂತರ ಜಾರಿಗೆ ಬರುವಂತೆ ನಿಗದಿಯಾಯಿತು. ಗ್ರಾಹಕರ ಮತ್ತು ನೌಕರರ ವೈಯಕ್ತಿಕ ಮಾಹಿತಿಗೆ ಸೂಕ್ತ ರಕ್ಷಣೆ ಒದಗಿಸದಿದ್ದರೆ ಗರಿಷ್ಠ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ನೌಕರರ ಆಧಾರ್ ಪ್ರತಿಗಳನ್ನು ವಾಟ್ಸಾಪ್ ಗುಂಪಿನಲ್ಲಿ ಹಂಚುವ ಅಭ್ಯಾಸವನ್ನು ಇಂದೇ ಕೈಬಿಡುವುದು ಲೇಸು.

ಅಪಾಯ ಬಂದ ದಿನ

ಮೊದಲು ಜಾಲದ ಕೇಬಲ್ ತೆಗೆಯಬೇಕು, ವೈಫೈ ನಿಲ್ಲಿಸಬೇಕು. ಗಾಬರಿಯಿಂದ ಫಾರ್ಮ್ಯಾಟ್ ಮಾಡಬಾರದು. ತನಿಖೆಗೆ ಬೇಕಾದ ಸಾಕ್ಷ್ಯ ಅಳಿಯುತ್ತದೆ. ಹಣ ಹೋಗಿದ್ದರೆ ಬ್ಯಾಂಕಿಗೆ ಮತ್ತು 1930 ಸಹಾಯವಾಣಿಗೆ ಕೂಡಲೇ ತಿಳಿಸಬೇಕು. ವಂಚಕರು ಹಣವನ್ನು ಮುಂದಿನ ಖಾತೆಗೆ ದಾಟಿಸುವ ಮೊದಲು ತಡೆಹಿಡಿಯಲು ಇದೊಂದೇ ದಾರಿ. ಗೂಢಲಿಪಿ ಬಿಡಿಸಲು ಹಣ ಕೊಟ್ಟರೂ ದತ್ತಾಂಶ ಮರಳುವ ಖಾತ್ರಿಯಿಲ್ಲ. ಯುರೋಪೋಲ್ ಮತ್ತು ಇತರರು 2016ರಲ್ಲಿ ಆರಂಭಿಸಿದ 'ನೋ ಮೋರ್ ರಾನ್ಸಮ್' ಯೋಜನೆಯಲ್ಲಿ ಕೆಲವು ಕುತಂತ್ರಾಂಶಗಳಿಗೆ ಉಚಿತ ಪರಿಹಾರ ಸಾಧನಗಳು ದೊರೆಯುತ್ತವೆ. ಗ್ರಾಹಕರಿಗೂ ಸರಬರಾಜುದಾರರಿಗೂ ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಇಲ್ಲವಾದರೆ ತಮ್ಮ ಹೆಸರಿನಲ್ಲಿ ಅವರಿಗೂ ಸುಳ್ಳು ಇ-ಮೇಲ್ ಹೋಗಬಹುದು.

ಮಾಲೀಕರ ತಿಂಗಳ ತಪಾಸಣೆ

1. ಈ ತಿಂಗಳು ಕೆಲಸ ಬಿಟ್ಟವರ ಎಲ್ಲ ಪ್ರವೇಶಗಳೂ ರದ್ದಾಗಿವೆಯೇ?
2. ಡಿಜಿಟಲ್ ಸಹಿಯ ಟೋಕನ್ ಯಾರ ಬಳಿ ಇದೆ?
3. ಸರಬರಾಜುದಾರರ ಯಾವ ಬ್ಯಾಂಕ್ ಖಾತೆಗಳು ಬದಲಾದವು? ಕರೆ ಮಾಡಿ ಖಚಿತಪಡಿಸಿಕೊಂಡವರು ಯಾರು?
4. ಕಚೇರಿಯಿಂದ ಹೊರಗಿರುವ ಬ್ಯಾಕಪ್ ಪ್ರತಿ ಯಾವ ದಿನಾಂಕದ್ದು? ಕೊನೆಯ ಬಾರಿ ತೆರೆದು ನೋಡಿದ್ದು ಯಾವಾಗ?
5. ಲೆಕ್ಕದ ತಂತ್ರಾಂಶದ ತಿದ್ದುಪಡಿ ದಾಖಲೆಯಲ್ಲಿ ಹಳೆಯ ತಾರೀಖಿನ ಬದಲಾವಣೆಗಳಿವೆಯೇ? ಕಾರಣವೇನು?
6. ಎಲ್ಲ ಗಣಕಯಂತ್ರಗಳಿಗೂ ಹೊಸ ತೇಪೆಗಳು ಬಿದ್ದಿವೆಯೇ?

ಈ ಆರು ಪ್ರಶ್ನೆಗಳಿಗೆ ಉತ್ತರ ಪಡೆದು ಸಹಿ ಹಾಕಲು ತಿಂಗಳಿಗೆ ಒಂದು ಗಂಟೆ ಸಾಕು. ಗಣಕ ತಜ್ಞರ ನೆರವು ಪಡೆಯಬಹುದು, ಆದರೆ ಸಹಿ ಮಾಲೀಕರದೇ ಆಗಿರಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿ ಫಲವಿಲ್ಲ. ಅಗ್ನಿ ವಿಮೆಯ ಕಂತು ಕಟ್ಟುವ ಉದ್ಯಮಿಯು ಬೆಂಕಿ ಬಿದ್ದೇ ಬೀಳುತ್ತದೆಂದು ಕಟ್ಟುವುದಿಲ್ಲ; ಬಿದ್ದರೆ ಮತ್ತೆ ಏಳಬೇಕೆಂದು ಕಟ್ಟುತ್ತಾರೆ. ಅದೇ ದೂರದೃಷ್ಟಿಯನ್ನು ಲೆಕ್ಕಪತ್ರಗಳಿಗೂ ವಿಸ್ತರಿಸಿದರೆ, ತಮ್ಮ ಉದ್ಯಮದ ಜೊತೆಗೆ ಅದನ್ನು ನಂಬಿದ ನೌಕರರ ಅನ್ನವನ್ನೂ ಉಳಿಸಿದಂತಾಗುತ್ತದೆ.